ಡ್ರೈವರಿಲ್ಲದ ವ್ಯಾನು

ಒಳಗಿನಿಂದ "ಬೌ" ಎಂದು ಒಂದು ಸದ್ದು ಬಂತು. ಕಾಜಕ್ಕ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟಳು. ಮುಚ್ಚಿದ ಬಾಗಿಲ ಮೇಲೆ ಗಾಳಿಗೆಂದು ಬಿಟ್ಟ ಕಿಂಡಿಯಿತ್ತು. ಮಕ್ಕಳ ಗಲಾಟೆಯೆಲ್ಲ ಅಲ್ಲಿಂದಲೇ ಹೊರಗೆ ಬೀಳುತ್ತಿತ್ತು. ಮೊಸಳೆ ಗೊಂಬೆ ಗುರ್ ಎನ್ನುತ್ತಿತ್ತು, ಅಜ್ಜಿ ಗೊಂಬೆ ಯಾರನ್ನೋ ಬೈಯುತ್ತಿತ್ತು, ಪೊಲೀಸ್ ಗೊಂಬೆ ಸೀಟಿ ಊದುತ್ತಿತ್ತು. ಅಷ್ಟರ ನಡುವೆ ಆ ಒಂದು "ಬೌ" ತನ್ನ ಮಗಳದೆಂದು ಅವಳು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು. ಆ ಮಗುವಿನ ಗಂಟಲಿನಿಂದ ಈಗ ಹೊರಡುತ್ತಿದ್ದುದು ಅದೊಂದೇ ಸದ್ದು. ಮನೆಯಲ್ಲಿ ಅದೂ ಇಲ್ಲ. ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ, ನಾಯಿ ಗೊಂಬೆಯೊಳಗೆ ಕೈ ತೂರಿಸಿದಾಗ ಮಾತ್ರ.

ಕಾಜಕ್ಕ ಎಂಬುದು ಹೊಲಿಗೆ ಅಂಗಡಿಯವರು ಇಟ್ಟ ಹೆಸರು. ಟೈಲರ್ ಹೊಲಿದು ಎಸೆದ ಅಂಗಿಗಳಿಗೆ ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಅವಳ ಕೆಲಸ. ಈ ಊರಿನ ಅರ್ಧ ಗಂಡಸರ ಎದೆ ಮುಚ್ಚಿರೋದು ನನ್ನಿಂದಲೇ ಎಂದು ಒಂದು ಕಾಲದಲ್ಲಿ ಅವಳೇ ತಮಾಷೆ ಮಾಡುತ್ತಿದ್ದಳು. ಈಗ ಅವಳು ತಮಾಷೆ ಮಾಡುವುದಿಲ್ಲ. ಅವಳ ಮುಂದೆ ಬೇರೆಯವರೂ ಮಾಡುವುದಿಲ್ಲ.

ಮಕ್ಕಳ ಗೊಂಬೆಯಾಟ ನಡೆಯುತ್ತಿದ್ದ ಆ ಕಟ್ಟಡ ಮೊದಲು ಬ್ಯಾಂಕಾಗಿತ್ತು. ಬ್ಯಾಂಕು ಬೇರೆ ಕಡೆ ಹೋದಮೇಲೆ ಮೇಲ್ಮಹಡಿ ಖಾಲಿ ಬಿದ್ದಿತ್ತು. ದೊಡ್ಡ ಕೋಣೆಯಲ್ಲಿ ಕ್ಯಾಷ್ ಕೌಂಟರಿನ ಮರದ ಗೂಡು ಹಾಗೇ ಉಳಿದಿದ್ದರಿಂದ, ಅದರ ಕಬ್ಬಿಣದ ಸರಳುಗಳನ್ನು ಬಿಚ್ಚಿಸಿ ಅದನ್ನೇ ಗೊಂಬೆಯಾಟದ ವೇದಿಕೆ ಮಾಡಿಕೊಂಡಿದ್ದರು ಗೊಂಬೆ ಮೇಡಂ. 'ಹಣ ಪಾವತಿ' ಎಂಬ ಬೋರ್ಡು ಈಗಲೂ ಗೊಂಬೆಗಳ ತಲೆಯ ಮೇಲೆ ನೇತಾಡುತ್ತಿತ್ತು. ಹೊರಗೆ ಮೊಗಸಾಲೆಯಲ್ಲಿ ಗಿರಾಕಿಗಳಿಗೆಂದು ಹಾಕಿದ್ದ ಉದ್ದನೆಯ ಬೆಂಚಿನ ಮೇಲೆ ತಾಯಂದಿರು ಕೂರುತ್ತಿದ್ದರು. ಕಾಜಕ್ಕ ಮಾತ್ರ ಮೆಟ್ಟಿಲ ಬಳಿ, ಹಿಂದೆ ಕಾವಲುಗಾರ ಕೂರುತ್ತಿದ್ದ ಕಬ್ಬಿಣದ ಕುರ್ಚಿಯಲ್ಲಿ. ಬೆಂಚಿನಲ್ಲಿ ಜಾಗವಿರಲಿಲ್ಲ ಎಂದಲ್ಲ. ಅವಳು ಕೂತರೆ ಬೆಂಚೇ ಖಾಲಿಯಾಗುತ್ತಿತ್ತು.

ಆ ಬೆಂಚಿನ ಸಿಟ್ಟಿಗೆ ಕಾರಣವಿತ್ತು. ಶಾಲೆಯ ಹಳದಿ ವ್ಯಾನು ಸೇತುವೆಯ ತಡೆಗೋಡೆ ಮುರಿದುಕೊಂಡು ಕಾಲುವೆಗೆ ಬಿದ್ದಿತ್ತು. ಮೂರು ಮಕ್ಕಳು ಹೋದರು. ಏಳು ಮಕ್ಕಳನ್ನು ಕಿಟಕಿಯಿಂದ ಎಳೆದು ತೆಗೆದರು. ಡ್ರೈವರೂ ಹೋದ. ಆ ಡ್ರೈವರ್ ಕಾಜಕ್ಕನ ಗಂಡ. ಉಳಿದ ಏಳರಲ್ಲಿ ಅವನ ಮಗಳೂ ಒಬ್ಬಳು. ಆ ಏಳು ಮಕ್ಕಳಿಗೆಂದೇ ಗೊಂಬೆ ಮೇಡಂ ಈ ಶನಿವಾರದ ಗೊಂಬೆಯಾಟ ಶುರುಮಾಡಿದ್ದರು.

"ಬ್ರೇಕ್ ಹಿಡೀಲಿಲ್ಲ," ಎಂದು ಕಾಜಕ್ಕ ಪೊಲೀಸರಿಗೆ ಹೇಳಿದ್ದಳು. ಶಾಲೆಯವರಿಗೆ ಹೇಳಿದ್ದಳು. ಸತ್ತ ಮಕ್ಕಳ ಮನೆಯ ಬಾಗಿಲಲ್ಲಿ ನಿಂತು, ಮುಖಕ್ಕೆ ಬಾಗಿಲು ಹಾಕಿಸಿಕೊಂಡು, ಮುಚ್ಚಿದ ಬಾಗಿಲಿಗೂ ಹೇಳಿ ಬಂದಿದ್ದಳು. ಕ್ರೇನು ಎತ್ತುವಾಗ ಜಜ್ಜಿಹೋದ ವ್ಯಾನು ಹೌದು ಎನ್ನುವಂತೆಯೂ ಇರಲಿಲ್ಲ, ಇಲ್ಲ ಎನ್ನುವಂತೆಯೂ ಇರಲಿಲ್ಲ. ಗಂಡ ನಸುಕಿನಲ್ಲಿ ಪತ್ರಿಕೆಯ ಕಟ್ಟುಗಳನ್ನು ಸಾಗಿಸಿ ಬಂದು, ಮುಖಕ್ಕೆ ನೀರು ಎರಚಿಕೊಂಡು ಹಾಗೇ ಶಾಲೆಯ ವ್ಯಾನು ಹತ್ತುತ್ತಿದ್ದುದು, ಆ ದಿನ ಬೆಳಿಗ್ಗೆ ಅವನ ಕಣ್ಣು ಕೆಂಪಗಿದ್ದುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದನ್ನು ಗಂಟು ಕಟ್ಟಿ ಮೂಲೆಗೆ ಎಸೆದು, ಅದರ ಮೇಲೆ "ಬ್ರೇಕ್" ಎಂಬ ಮಾತನ್ನು ಹೇರಿ ಕುಳಿತಿದ್ದಳು.

ಮಗಳ ಹೆಸರು ರೇಡಿಯೋ. ಶಾಲೆಯಲ್ಲಿ ಬೇರೆ ಹೆಸರಿತ್ತು, ಆದರೆ ಅಪ್ಪ ಇಟ್ಟ ಹೆಸರೇ ನಿಂತಿತ್ತು. ಹುಟ್ಟುವಾಗಲೇ ಮಾತಾಡುತ್ತ ಹುಟ್ಟಿತು ಎನ್ನುತ್ತಿದ್ದ ಅವನು. ವ್ಯಾನಿನಲ್ಲಿ ಹಾಡು ಹಾಕುವ ಪೆಟ್ಟಿಗೆ ಇರಲಿಲ್ಲ. ಕೀಲಿ ತಿರುಗಿಸುತ್ತಲೇ "ರೇಡಿಯೋ ಹಾಕು" ಎನ್ನುತ್ತಿದ್ದ. ಅವನ ಹಿಂದಿನ ಸೀಟಿನಲ್ಲಿ ಕೂತ ಹುಡುಗಿ ದಾರಿಯುದ್ದಕ್ಕೂ ಕಾಣುವ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಿದ್ದಳು. ಅವಳು ಅಕ್ಷರ ಕೂಡಿಸಿ ಓದಲು ಕಲಿತದ್ದೇ ಹಾಗೆ. ಮನೆಗೆ ಬಂದ ಮೇಲೂ ಬಾಯಿ ಮುಚ್ಚುತ್ತಿರಲಿಲ್ಲ. "ಅಮ್ಮಾ ತಾಯಿ, ಸ್ವಲ್ಪ ಹೊತ್ತು ಸ್ಟೇಷನ್ ಬಂದ್ ಮಾಡೇ" ಎಂದು ಕಾಜಕ್ಕ ಕೈಮುಗಿಯುತ್ತಿದ್ದಳು. ಈಗ ಆ ಮಾತು ನೆನಪಾದರೆ ಅವಳಿಗೆ ತನ್ನ ನಾಲಿಗೆಯನ್ನೇ ಕಿತ್ತು ಹಾಕಬೇಕೆನಿಸುತ್ತಿತ್ತು.

ಬಾಗಿಲು ತೆರೆಯಿತು. ಮಕ್ಕಳು ಚಪ್ಪಲಿಗಾಗಿ ನುಗ್ಗಿದರು. ಕೈಗೆ ಹಾಕಿದ್ದ ಪ್ಲಾಸ್ಟರನ್ನು ಈಚೆಗೆ ಬಿಚ್ಚಿಸಿಕೊಂಡಿದ್ದ ಹುಡುಗನೊಬ್ಬ ಆಗಲೂ ಗೊಂಬೆ ಮೇಡಂ ಅವರ ತಲೆ ತಿನ್ನುತ್ತಿದ್ದ. ಬಾಯಿ ತೆರೆದರೆ ಪ್ರಶ್ನೆಯೇ ಬರುವುದರಿಂದ ಅವನಿಗೆ ಪ್ರಶ್ನೆಪತ್ರಿಕೆ ಎಂದು ಹೆಸರು. ಅವನ ಹಿಂದೆ ಕನ್ನಡಕ ಹಾಕಿದ ಹುಡುಗ, ಯಾರನ್ನೂ ನೋಡದೆ ಬಂದು ತನ್ನ ತಾಯಿಯ ಪಕ್ಕ ನಿಂತ. ಅವನಿಗೆ ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು. ವ್ಯಾನಿನಲ್ಲಿ ಅವನ ಅಕ್ಕ ಅವನ ಪಕ್ಕದಲ್ಲೇ ಕೂತಿದ್ದಳು. ಅವನನ್ನು ಎಳೆದು ತೆಗೆದರು. ಅವಳನ್ನು ತೆಗೆಯುವ ಹೊತ್ತಿಗೆ ತಡವಾಗಿತ್ತು.

ಕನ್ನಡಕನ ತಾಯಿ ಬೆಂಚಿನಿಂದ ಎದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಎಷ್ಟು ಬೇಕೋ ಅಷ್ಟೇ ಅಳೆದು ಮಾತಾಡುವ ಹೆಂಗಸು.

"ಮೇಡಂ, ನೇರವಾಗೇ ಹೇಳ್ಬಿಡ್ತೀನಿ. ಮುಂದಿನ ಶನಿವಾರ ಒಂದು ನೋಡ್ತೀವಿ. ಆಮೇಲೂ ಆ ಹುಡುಗಿ ಬರೋದಾದ್ರೆ ನಮ್ಮ ಮಕ್ಕಳು ಬರಲ್ಲ. ನಾವೆಲ್ಲ ಮಾತಾಡ್ಕೊಂಡಿದ್ದೀವಿ."

"ಅವಳೂ ಅದೇ ವ್ಯಾನಲ್ಲಿದ್ದ ಮಗು ಅಲ್ವಾ?" ಎಂದರು ಗೊಂಬೆ ಮೇಡಂ.

"ವ್ಯಾನು ಯಾರ ಕೈಲಿತ್ತು ಅನ್ನೋದೂ ಗೊತ್ತು. ಇಲ್ಲಿಂದ ಮನೆಗೆ ಹೋದ್ರೆ ನನ್ನ ಮಗ ಊಟ ಮುಟ್ಟಲ್ಲ. ಅವಳ ಮುಖ ನೋಡಿದಾಗಲೆಲ್ಲ ಅವನಿಗೆ ಅಕ್ಕ ನೆನಪಾಗ್ತಾಳೆ." ಅವಳ ದನಿ ಒಂದು ಕ್ಷಣ ಅಳತೆ ತಪ್ಪಿತು. "ಅವನಿಗೊಬ್ಬನಿಗೇ ಅಲ್ಲ."

"ಬ್ರೇಕ್ ಹಿಡೀಲಿಲ್ಲ ರೀ," ಕಾಜಕ್ಕ ಕುರ್ಚಿಯಿಂದಲೇ ಹೇಳಿದಳು. "ಎಷ್ಟು ಸಲ ಹೇಳ್ಲಿ ನಾನು?"

"ನಿಮ್ಮನ್ನ ಯಾರೂ ಕೇಳಿಲ್ಲ."

ಬೆಂಚು ಖಾಲಿಯಾಯಿತು. ಮೆಟ್ಟಿಲಲ್ಲಿ ಚಪ್ಪಲಿಗಳ ಸದ್ದು ಇಳಿದುಹೋಯಿತು. ರೇಡಿಯೋ ಗೋಡೆಗೆ ಒರಗಿ ಕೂತು, ತನ್ನ ಚಪ್ಪಲಿಯ ಪಟ್ಟಿಯನ್ನು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದಳು.

ಗೊಂಬೆ ಮೇಡಂ ಮಂಡಿ ಹಿಡಿದುಕೊಂಡು ನಿಧಾನವಾಗಿ ಬೆಂಚಿನ ಮೇಲೆ ಕೂತರು. ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ದಪ್ಪ ಮೈ, ಒಡೆದ ದನಿ. ಆ ದನಿಯಲ್ಲಿ ಮೊಸಳೆಯನ್ನು ಅವರಷ್ಟು ಚೆನ್ನಾಗಿ ಯಾರೂ ಆಡಿಸಲಾರರು. ಅವರದು ಎರಡೇ ಕಟ್ಟುನಿಟ್ಟು. ಗೊಂಬೆ ಏನು ಹೇಳಿದರೂ ಅದು ಗೊಂಬೆ ಹೇಳಿದ್ದು, ಮನೆಗೆ ಕರೆದುಕೊಂಡು ಹೋಗಿ ಮಗುವನ್ನು ಕೇಳುವಂತಿಲ್ಲ. ಎರಡನೆಯದು, ಆಟ ಎಲ್ಲಿ ನಿಂತರೂ ದೊಡ್ಡವರು ಅದನ್ನು ಮುಂದಕ್ಕೆ ತಳ್ಳುವಂತಿಲ್ಲ.

"ನಿಮ್ಮ ಹತ್ರ ಒಂದು ಮಾತಿದೆಯಮ್ಮ," ಎಂದರು. "ನಾನೊಂದು ತಪ್ಪು ಮಾಡಿದೀನಿ."

ಕಾಜಕ್ಕ ಕುರ್ಚಿಯಿಂದ ಏಳಲಿಲ್ಲ.

"ನನ್ನ ಪೆಟ್ಟಿಗೇಲಿ ಅಜ್ಜಿ ಇದಾಳೆ, ಪೊಲೀಸ್ ಇದಾನೆ, ಡಾಕ್ಟರ್, ಟೀಚರ್, ನಾಯಿ, ಮೊಸಳೆ ಎಲ್ಲ ಇದೆ. ಡ್ರೈವರ್ ಇಲ್ಲ. ಬೇಕಂತಲೇ ಬಿಟ್ಟೆ. ನಿಮ್ಮ ಮಗಳಿಗೆ ನೋವಾಗುತ್ತೆ ಅಂತ. ಮಕ್ಕಳು ಒಂದು ರಟ್ಟಿನ ಪೆಟ್ಟಿಗೆಗೆ ಹಳದಿ ಬಣ್ಣ ಬಳಿದು ವ್ಯಾನು ಮಾಡಿಕೊಂಡಿದಾರೆ. ಎಲ್ಲ ಗೊಂಬೆಗಳನ್ನೂ ಅದರಲ್ಲಿ ಕೂರಿಸ್ತಾರೆ. ಆಮೇಲೆ ವ್ಯಾನು ಹೋಗೋದೇ ಇಲ್ಲ. ಅಲ್ಲೇ ನಿಂತಿರುತ್ತೆ. ಮೇಡಂ, ಗಾಡಿ ಯಾರು ಓಡಿಸ್ತಾರೆ ಅಂತ ಪ್ರಶ್ನೆಪತ್ರಿಕೆ ಪ್ರತಿ ವಾರ ಕೇಳ್ತಾನೆ. ನಾನು ಪ್ರತಿ ವಾರ ಮಾತು ಮರೆಸ್ತೀನಿ. ಆಗ ಶುರುವಾಗುತ್ತೆ ಜಗಳ. ಯಾರೋ ಯಾರನ್ನೋ ಕಚ್ಚೋದು, ಹೊಡೆಯೋದು." ಅವರು ತಮ್ಮ ಹಣೆಯನ್ನು ಅಂಗೈಯಿಂದ ತಟ್ಟಿಕೊಂಡರು. "ಇಷ್ಟು ವರ್ಷ ಇದೇ ಕೆಲಸ ಮಾಡಿ ದಡ್ಡಿ ಥರ ಮಾಡಿಬಿಟ್ಟೆ. ಮಾತಾಡಬಾರದ್ದು ಒಂದಿದೆ ಅಂತ ನಾನೇ ಆ ಮಕ್ಕಳಿಗೆ ತೋರಿಸಿಕೊಟ್ಟ ಹಾಗಾಯ್ತು."

"ಈಗೇನು?"

"ಡ್ರೈವರ್ ಗೊಂಬೆ ಬೇಕು. ನಿಮ್ಮನ್ನ ಕೇಳದೆ ಮಾಡೋದು ಸರಿ ಅಲ್ಲ ಅನ್ನಿಸ್ತು."

"ಬಂದ್ರೆ ಅದನ್ನ ಏನ್ಮಾಡ್ತಾರೆ?"

ಗೊಂಬೆ ಮೇಡಂ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಹೊಡೀಬಹುದು," ಎಂದರು.

ಕಾಜಕ್ಕನಿಗೆ ಮೈಯೆಲ್ಲ ಉರಿಯಿತು. "ಹೊಡೆಸೋದಕ್ಕೆ ನನ್ನ ಗಂಡನ್ನ ನಾನೇ ಒಪ್ಪಿಸ್ಲಾ? ಸತ್ತ ಮೇಲೂ ಬಿಡಲ್ವಾ ನೀವೆಲ್ಲ ಅವರನ್ನ? ಪೆಟ್ಟು ತಿಂದೇ ಹೋದ್ರಲ್ಲ ಮೇಡಂ, ಎದೆಗೆ ಸ್ಟೇರಿಂಗ್ ಹೊಕ್ಕು ಹೋದ್ರು. ಸಾಲ್ದಾ?"

"ಬೇಡ ಅಂದ್ರೆ ಬೇಡ," ಎಂದರು ಮೇಡಂ ಮೆಲ್ಲಗೆ. "ಆದ್ರೆ ಮುಂದಿನ ವಾರ ಆದ್ಮೇಲೆ ಈ ಗುಂಪು ಇರಲ್ಲ. ನಿಮ್ಮ ಮಗಳೊಬ್ಬಳನ್ನೇ ಕೂರಿಸ್ಕೊಂಡು ನಾನು ಎಷ್ಟು ದಿನ ಬೇಕಾದ್ರೂ ಕೂತ್ಕೋತೀನಿ. ಆದ್ರೆ ಅವಳು ಬೊಗಳೋದು ನನಗೋಸ್ಕರ ಅಲ್ಲ. ಆ ಮಕ್ಕಳಿಗೋಸ್ಕರ. ಅವರು ಹೋದ್ರೆ ಆ ನಾಯೀನೂ ಸುಮ್ಮನಾಗುತ್ತೆ ಅಂತ ನನಗೆ ಭಯ."

ಅದೇ ಭಯ ಕಾಜಕ್ಕನಿಗೂ ಇತ್ತು. ಅವಳು ಮಗಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದಳು.

ಮನೆಯೆಂದರೆ ಒಂದು ಕೋಣೆ ಮತ್ತು ಅಡುಗೆಗೊಂದು ಮೂಲೆ. ಬಾಗಿಲ ಹಿಂದಿನ ಮೊಳೆಯಲ್ಲಿ ಗಂಡನ ನೀಲಿ ಅಂಗಿ ತೂಗುತ್ತಿತ್ತು. ಅವನಿಗೆ ವ್ಯಾನು ಓಡಿಸುವಾಗ ಹಾಕಲು ಎರಡು ನೀಲಿ ಅಂಗಿಗಳಿದ್ದವು. ಒಂದು ಅವನ ಜೊತೆ ಹೋಯಿತು. ಇನ್ನೊಂದನ್ನು ಒಗೆಯಲೂ ಮನಸ್ಸು ಬಾರದೆ, ತೆಗೆದಿಡಲೂ ಮನಸ್ಸು ಬಾರದೆ ಕಾಜಕ್ಕ ಹಾಗೇ ಬಿಟ್ಟಿದ್ದಳು. ಬಾಗಿಲು ಹಾಕಿದಾಗಲೆಲ್ಲ ಅದು ಒಮ್ಮೆ ಅಲುಗಾಡುತ್ತಿತ್ತು.

ಊಟದ ತಟ್ಟೆ ತೊಳೆದು ಕೈ ಒರೆಸಿಕೊಳ್ಳುತ್ತ ಬಂದು ಕೂತಾಗ ಅವಳ ಮಡಿಲಿಗೆ ಏನೋ ಬಂದು ಬಿತ್ತು. ನೀಲಿ ಅಂಗಿ. ಎದುರಿಗೆ ರೇಡಿಯೋ ನಿಂತಿದ್ದಳು. ಸ್ಟೂಲು ಎಳೆದು, ಹತ್ತಿ, ಮೊಳೆಯಿಂದ ತೆಗೆದು ತಂದಿದ್ದಳು. ಇನ್ನೊಂದು ಕೈಯಲ್ಲಿ ತಾಯಿಯ ಸೂಜಿಡಬ್ಬಿ.

"ಏನೇ ಇದು?"

ಮಗಳು ಡಬ್ಬಿಯನ್ನು ಅಂಗಿಯ ಮೇಲೆ ಇಟ್ಟಳು.

"ಅಲ್ಲಿ ನಾವು ಮಾತಾಡಿದ್ದು ಕೇಳಿಸ್ಕೊಂಡ್ಯಾ? ಅದನ್ನ ಹೊಡೀತಾರೆ ಕಣೇ. ಅಪ್ಪನ್ನ ಹೊಡೀತಾರೆ. ಬೇಕಾ ನಿನಗೆ?"

ರೇಡಿಯೋ ತಲೆಯಾಡಿಸಿದಳು. ಹೌದು. ಬೇಕು.

"ಬಾಯಿ ಬಿಟ್ಟು ಹೇಳೇ! ಒಂದು ಸಲ ಬಾಯಿ ಬಿಟ್ಟು ಬೇಕು ಅನ್ನು, ಹೊಲೀತೀನಿ!" ಕಾಜಕ್ಕ ಅವಳ ಭುಜ ಹಿಡಿದು ಕುಲುಕಿದಳು. ಮಗುವಿನ ತುಟಿ ಬಿಗಿದುಕೊಂಡಿತು, ಕಣ್ಣಲ್ಲಿ ನೀರು ತುಂಬಿತು, ಒಂದು ಸೊಲ್ಲೂ ಹೊರಡಲಿಲ್ಲ. ಕಾಜಕ್ಕನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಗಳನ್ನು ಎದೆಗೆ ಅವುಚಿಕೊಂಡಳು, ನಡುವೆ ಸಿಕ್ಕಿಕೊಂಡ ಸೂಜಿಡಬ್ಬಿ ಪಕ್ಕೆಗೆ ಒತ್ತುತ್ತಿದ್ದರೂ ಬಿಡಲಿಲ್ಲ.

ಎಷ್ಟೋ ಜನರ ಅಂಗಿಗಳ ಮೇಲೆ ಕೈಯಾಡಿಸಿದವಳಿಗೆ ಆ ಒಂದು ಅಂಗಿಗೆ ಕತ್ತರಿ ಹಾಕಲು ವಾರವೆಲ್ಲ ಬೇಕಾಯಿತು. ತೋಳಿನ ಬಟ್ಟೆಯಲ್ಲಿ ಗೊಂಬೆಯ ಮೈ ಮಾಡಿದಳು. ಹಳೆಯ ದಿಂಬಿನ ಚೀಲದಿಂದ ತಲೆ, ಟೈಲರ್ ಅಂಗಡಿಯ ಚಿಂದಿ ತುಂಬಿ. ಕಪ್ಪು ದಾರದಲ್ಲಿ ಮೀಸೆ ಹೆಣೆದಳು. ಎಡಗಡೆ ಸ್ವಲ್ಪ ಕಡಿಮೆ, ಅವನದು ಇದ್ದದ್ದೇ ಹಾಗೆ, ಕನ್ನಡಿ ಮುಂದೆ ನಿಂತು ಎಷ್ಟು ಕತ್ತರಿಸಿದರೂ ಸಮ ಬರುತ್ತಿರಲಿಲ್ಲ. ಅಂಗಿಯ ಕಾಲರನ್ನು ಚಿಕ್ಕದು ಮಾಡಿ ಕುತ್ತಿಗೆಗೆ ಕೂರಿಸುವಾಗ, ಅದು ಯಾವಾಗಲೂ ಒಂದು ಕಡೆ ಮಡಚಿಕೊಳ್ಳುತ್ತಿದ್ದುದು ನೆನಪಾಗಿ, ಅದನ್ನೂ ಮಡಚಿ ಹೊಲಿದಳು. ಹೊಲಿಯುವಷ್ಟು ಹೊತ್ತೂ ರೇಡಿಯೋ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

ಕಣ್ಣಿಗೆ ಬಂದಾಗ ಕಾಜಕ್ಕ ಬಹಳ ಯೋಚಿಸಿದಳು. ಕೊನೆಗೆ ತೋಳುಪಟ್ಟಿಯ ಎರಡು ಗುಂಡಿಗಳನ್ನು ಕಿತ್ತು, ಕಪ್ಪು ದಾರ ಪೋಣಿಸಿ, ದಪ್ಪಗೆ, ಗಟ್ಟಿಯಾಗಿ ಹಚ್ಚಿದಳು. ಎಂಥ ಕಣ್ಣು! ಬಿಟ್ಟರೆ ಮುಚ್ಚುವುದೇ ಇಲ್ಲವೆನ್ನುವಂತೆ ಅಗಲವಾಗಿ ತೆರೆದ ಕಣ್ಣು. ಅವಳಿಗೆ ಬೇಕಾಗಿದ್ದುದೇ ಅದು. ಹೊಡೆಯುವವರು ಹೊಡೆಯಲಿ, ಈ ಮುಖ ನೋಡಿದವರು ಯಾರೂ ಇವನು ನಿದ್ದೆ ಹೋಗುವವನು ಎನ್ನಬಾರದು. ದಾರವನ್ನು ಹಲ್ಲಿನಿಂದ ಕಡಿದು, ಗೊಂಬೆಯನ್ನು ಕೈಗೆ ಹಾಕಿಕೊಂಡು ಮಗಳತ್ತ ತಿರುಗಿಸಿದಳು.

ರೇಡಿಯೋ ಆ ಕಣ್ಣುಗಳನ್ನು ನೋಡಿದಳು. ಏನೋ ಕೇಳುವವಳಂತೆ ತಾಯಿಯ ಮುಖ ನೋಡಿದಳು. ಆಮೇಲೆ ಹೋಗಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಮಗುವಿಗೆ ಸುಸ್ತಾಗಿದೆ ಎಂದುಕೊಂಡಳು ಕಾಜಕ್ಕ.

ಶನಿವಾರ ಬಾಗಿಲು ಮುಚ್ಚಿಕೊಂಡಿತು. ಬೆಂಚಿನ ಮೇಲೆ ಆ ದಿನ ಯಾರೂ ಮನೆ ಸುದ್ದಿ ಮಾತಾಡುತ್ತಿರಲಿಲ್ಲ. ಒಳಗೆ ಹೊಸ ಗೊಂಬೆ ಹೋಗಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಮೊದಲೇ ತಿಳಿದಿರಲಿ ಎಂದು ಮೇಡಂ ತಾಯಂದಿರಿಗೆಲ್ಲ ಹೇಳಿದ್ದರು. ಕನ್ನಡಕನ ತಾಯಿ ತನ್ನ ಚೀಲದ ಜಿಪ್ಪನ್ನು ಎಳೆಯುತ್ತ, ಹಾಕುತ್ತ ಕೂತಿದ್ದಳು. ಕಾಜಕ್ಕ ತನ್ನ ಕಬ್ಬಿಣದ ಕುರ್ಚಿಯಲ್ಲಿ.

ಒಳಗಿನಿಂದ ಮೊದಲು ಬಂದದ್ದು ಪ್ರಶ್ನೆಪತ್ರಿಕೆಯ ದನಿ: "ಇವರೇನಾ?"

ಅವನೇ ಮತ್ತೆ ಕೇಳಿದ.

"ಇವರನ್ನ ಮುಟ್ಟಬಹುದಾ ಮೇಡಂ?"

"ಎಲ್ಲ ಗೊಂಬೆ ಹಾಗೇ ಇದೂ ಒಂದು," ಎಂದರು ಮೇಡಂ.

ಕಾಲುಗಳ ಸದ್ದು. ಯಾರೋ ಓಡಿದರು. ನಂತರ ಮರಕ್ಕೆ ಏನೋ ಬಡಿಯುವ ಸದ್ದು. ಮೆತ್ತನೆಯದು, ಚಿಂದಿ ತುಂಬಿದ್ದು. ಮತ್ತೆ. ಮತ್ತೆ. ಬಡಿತದ ಜೊತೆಗೆ ಹುಡುಗನೊಬ್ಬ ಏದುಸಿರು ಬಿಡುವುದು. ಕನ್ನಡಕ. ಅವನು ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಕ್ಯಾಷ್ ಕೌಂಟರಿನ ಹಲಗೆಗೆ ಗೊಂಬೆಯನ್ನು ಹೊಡೆಯುತ್ತಿದ್ದ, ಅಷ್ಟೇ. ಕಾಜಕ್ಕ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಂದೊಂದು ಪೆಟ್ಟೂ ಅವಳಿಗೇ ಬೀಳುತ್ತಿತ್ತು. ಎದುರಿಗೆ ಕನ್ನಡಕನ ತಾಯಿ ನೆಲ ನೋಡುತ್ತಿದ್ದಳು. ಅವಳ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ.

"ಬೌ!"

ಬಡಿತ ನಿಂತಿತು.

"ಬೌ! ಬೌ ಬೌ!" ನಾಯಿ ಇಷ್ಟು ಜೋರಾಗಿ ಎಂದೂ ಬೊಗಳಿರಲಿಲ್ಲ. ಒಳಗೆ ಎಳೆದಾಟವಾಯಿತು. "ಬಿಡೇ, ನಂದು ಇನ್ನೂ ಆಗಿಲ್ಲ," ಎಂದ ಕನ್ನಡಕ. ಬಟ್ಟೆ ಹರಿದ ಸಣ್ಣ ಸದ್ದು. ಆಮೇಲೆ ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಒಂದು ದನಿ ಬಂತು. ಯಾರದೆಂದು ಕಾಜಕ್ಕನಿಗೆ ತಕ್ಷಣ ತಿಳಿಯಲಿಲ್ಲ.

"ಇವನ ಕಣ್ಣು ಸರಿ ಇಲ್ಲ."

ಅದು ರೇಡಿಯೋಳ ದನಿ ಎಂದು ಕಾಜಕ್ಕನಿಗೆ ಆಗ ಹೊಳೆಯಿತು. ಎದ್ದು ನಿಂತಳು.

"ಡ್ರೈವರ್ ಕಣ್ಣು ಬಿಟ್ಟಿದಾನೆ," ಎಂದಿತು ನಾಯಿ. "ಆವತ್ತು ಕಣ್ಣು ಮುಚ್ಚಿತ್ತು. ನಾಯಿ ಹಿಂದೆ ಕೂತಿತ್ತು. ನಾಯಿ ಕನ್ನಡೀಲಿ ನೋಡಿತ್ತು."

ಇಷ್ಟು ದಿನ ಕಾದು ಕಾದು ಸಿಕ್ಕ ದನಿ, ಮಗಳ ದನಿ, ಸಿಕ್ಕ ಗಳಿಗೆಯಲ್ಲೇ ಅದು ಹೇಳಿದ್ದು ಇದನ್ನು. ಕಾಜಕ್ಕನಿಗೆ ಸಂತೋಷದಿಂದ ಕಿರುಚಬೇಕೆನಿಸಿತು, ಓಡಿಹೋಗಿ ಆ ಬಾಯಿಯನ್ನು ಮುಚ್ಚಬೇಕೆಂದೂ ಅನಿಸಿತು. ಎರಡನ್ನೂ ಮಾಡಲಾರದೆ ನಿಂತಿದ್ದಳು.

ಬಾಗಿಲು ತೆರೆದು ಗೊಂಬೆ ಮೇಡಂ ಹೊರಗೆ ಬಂದರು. ಅವರ ಕೈಯಲ್ಲಿ ಗೊಂಬೆಯಿತ್ತು. ಒಂದು ತೋಳು ಹೆಗಲಿನಿಂದ ಬಿಟ್ಟುಕೊಂಡಿತ್ತು. "ಕಣ್ಣು ಸರಿಮಾಡಿ ತರಬೇಕಂತೆ," ಎಂದರು. "ನಾಯಿ ಕಳಿಸಿದೆ." ಬೇಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಗೊಂಬೆಯನ್ನು ಚಾಚಿ ನಿಂತರು.

ಕನ್ನಡಕನ ತಾಯಿ ಎದ್ದಳು. "ಕೇಳಿಸ್ಕೊಂಡ್ರಾ ಎಲ್ರೂ? ಏನು ಹೇಳಿದ್ಲು ಕೇಳಿಸ್ಕೊಂಡ್ರಾ?"

"ಗೊಂಬೆ ಹೇಳಿದ್ದು..." ಮೇಡಂ ಶುರುಮಾಡಿದರು.

"ಗೊಂಬೆಯಂತೆ ಗೊಂಬೆ!" ಅವಳು ಕಾಜಕ್ಕನ ಎದುರಿಗೆ ಬಂದು ನಿಂತಳು. "ಈಗ ಹೇಳಿ. ಬ್ರೇಕ್ ಅನ್ನಿ ನೋಡೋಣ. ಇನ್ನೊಂದು ಸಲ ಅನ್ನಿ."

ಅನ್ನಬಹುದಿತ್ತು. ಸಣ್ಣ ಮಗು, ಹೆದರಿದೆ, ಏನೋ ಕಲ್ಪಿಸಿಕೊಂಡು ಹೇಳುತ್ತಿದೆ ಎಂದು ಹೇಳಿದರೆ ನಂಬುವವರು ನಂಬುತ್ತಿದ್ದರು. ಆ ಮಾತು ಕಾಜಕ್ಕನ ನಾಲಿಗೆಯ ತುದಿಗೂ ಬಂತು. ಆದರೆ ತಾಯಿ ಸುಳ್ಳೆಂದ ಮೇಲೆ ಆ ಹುಡುಗಿ ಇನ್ನು ಯಾರ ಮುಂದೆ ಬಾಯಿ ಬಿಟ್ಟಾಳು? ಒಳಗೆ ಮಕ್ಕಳು ಕಾಯುತ್ತಿದ್ದರು.

ಅವಳು ಮೇಡಂ ಹತ್ತಿರ ಹೋಗಿ ಗೊಂಬೆಯನ್ನು ಇಸಿದುಕೊಂಡಳು. ಕುರ್ಚಿಗೆ ಹಿಂತಿರುಗದೆ ಬೆಂಚಿನ ಮೇಲೇ ಕೂತಳು. ಚೀಲದಿಂದ ಸೂಜಿಡಬ್ಬಿ ತೆಗೆದು, ಚಿಕ್ಕ ಕತ್ತರಿಯಿಂದ ಮೊದಲು ಒಂದು ಗುಂಡಿಯ ದಾರ ಕತ್ತರಿಸಿದಳು, ಆಮೇಲೆ ಇನ್ನೊಂದರದು. ಗಟ್ಟಿಯಾಗಿ ಹಚ್ಚಿದ್ದಳಲ್ಲ, ಬೇಗ ಬಿಡಲಿಲ್ಲ. ಸೂಜಿಗೆ ದಾರ ಪೋಣಿಸಲು ಹೋದರೆ ಅದು ಹೊಗಲಿಲ್ಲ. ಕತ್ತಲಲ್ಲೂ ಪೋಣಿಸಬಲ್ಲದು ಎಂದು ಹೆಸರಾದ ಕೈ. ದಾರದ ತುದಿಯನ್ನು ಎಂಜಲಲ್ಲಿ ನೆನೆಸಿ ಮತ್ತೆ ಮತ್ತೆ ಪ್ರಯತ್ನಿಸಿದಳು. ಯಾರೂ ನೆರವಿಗೆ ಬರಲಿಲ್ಲ. ಕೊನೆಗೆ ದಾರ ಹೊಕ್ಕಿತು.

"ಪತ್ರಿಕೆ ಕಟ್ಟು ಹಾಕಿ ಬಂದಿದ್ರು," ಎಂದಳು, ಸೂಜಿ ಚುಚ್ಚುತ್ತ, ತಲೆಯೆತ್ತದೆ. "ಮಲಗಿರ್ಲಿಲ್ಲ. ಕಣ್ಣು ಕೆಂಪಗಿತ್ತು. ನಾನು ನೋಡಿದ್ದೆ." ಒಂದು ರೆಪ್ಪೆಯ ಗೆರೆ ಮುಗಿಯಿತು. "ನಿದ್ದೆ ರೀ. ಬ್ರೇಕ್ ಅಲ್ಲ."

ಎರಡನೆಯ ಗೆರೆಯನ್ನೂ ಎಳೆದು, ಗಂಟು ಹಾಕಿ, ಹಲ್ಲಿನಿಂದ ಕಡಿದಳು. ಬಿಟ್ಟುಹೋದ ತೋಳಿಗೂ ನಾಲ್ಕು ಹೊಲಿಗೆ ಹಾಕಿದಳು. ಮೀಸೆಯ ಮೇಲೆ ಎರಡು ಕಪ್ಪು ಗೆರೆಗಳು. ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಮಲಗಿದಾಗ ಅವನು ಹೀಗೇ ಕಾಣುತ್ತಿದ್ದ. ಗೊಂಬೆ ಮೇಡಂ ಅದನ್ನು ತೆಗೆದುಕೊಂಡು ಒಳಗೆ ಹೋದರು.

ಕನ್ನಡಕನ ತಾಯಿ ನಿಂತಲ್ಲೇ ನಿಂತಿದ್ದಳು. ಕೇಳಬೇಕೆಂದಿದ್ದ ಮಾತು ಸಿಕ್ಕಿತ್ತು. ಸಿಕ್ಕ ಮೇಲೆ ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿದಂತೆ ಕಾಣಲಿಲ್ಲ.

"ಈಗ ಸರಿ ಇದೆ," ಒಳಗಿನಿಂದ ನಾಯಿ ಹೇಳಿತು.

"ಯಾಕೆ ನಿದ್ದೆ ಮಾಡಿದ್ರು?" ಪ್ರಶ್ನೆಪತ್ರಿಕೆ.

ನಾಯಿ ಹೇಳಿತು: "ನಾಯಿ ಟೂ ಬಿಟ್ಟಿತ್ತು."

"ಯಾರ ಜೊತೆ?"

"ಡ್ರೈವರ್ ಜೊತೆ. ಪುಸ್ತಕಕ್ಕೆ ರಟ್ಟು ಹಾಕೋ ಕಾಗದ ತರ್ತೀನಿ ಅಂದು ತರಲಿಲ್ಲ. ಅದಕ್ಕೆ ಟೂ. ರೇಡಿಯೋ ಹಾಕು ಅಂದ. ಹಾಕಲಿಲ್ಲ. ಬೋರ್ಡು ಓದಿದ್ರೆ ಅವನಿಗೆ ನಿದ್ದೆ ಬರಲ್ಲ. ಅದಕ್ಕೇ ದಿನಾ ಓದಿಸೋದು. ಆವತ್ತು ನಾಯಿ ಬಾಯೇ ಬಿಡಲಿಲ್ಲ." ದನಿ ಚೂರಾಯಿತು. "ಅದಕ್ಕೇ ಮಲಗಿಬಿಟ್ಟ. ಅದಕ್ಕೇ ಎಲ್ರೂ ಸತ್ತೋದ್ರು."

ಕಾಜಕ್ಕ ಮಡಿಲಿಗೆ ಬಿದ್ದಿದ್ದ ಗುಂಡಿಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಆ ದಿನ ಬೆಳಿಗ್ಗೆ ಅವಳೇ ನಕ್ಕಿದ್ದಳು. ಅಪ್ಪನ ಹತ್ರ ಟೂ ಬಿಟ್ಟು ಎಲ್ಲಿಗೆ ಹೋಗ್ತೀಯೇ, ಅವನ ಗಾಡೀಲೇ ತಾನೆ ಎಂದು. ಬೋರ್ಡು ಓದುವುದನ್ನು ಆಟ ಎಂದುಕೊಂಡಿದ್ದಳು. ಇಷ್ಟು ಸಣ್ಣ ತಲೆಯ ಮೇಲೆ ಅಷ್ಟು ಜನರನ್ನು ಹೊತ್ತುಕೊಂಡು ಈ ಮಗು ತನ್ನ ಪಕ್ಕದಲ್ಲೇ ಮಲಗಿ ಏಳುತ್ತಿತ್ತು.

ಈಗ ಮೇಡಂ ಏನಾದರೂ ಹೇಳಬೇಕು. ನಿನ್ನ ತಪ್ಪಲ್ಲ ಪುಟ್ಟಾ ಎನ್ನಬೇಕು. ಕಾಜಕ್ಕ ಕಾದಳು. ಮೇಡಂ ತಮ್ಮ ಕಟ್ಟುನಿಟ್ಟು ಬಿಡಲಿಲ್ಲ.

ಮಾತಾಡಿದ್ದು ಪ್ರಶ್ನೆಪತ್ರಿಕೆ. "ಈಗ್ಲೂ ಟೂನಾ?"

"ಇಲ್ಲ."

"ಮತ್ತೆ ಈಗ ಓದು. ಎಲ್ರೂ ಹತ್ರೋ. ಡ್ರೈವರನ್ನ ಮುಂದೆ ಕೂರಿಸಿ. ಹೂಂ, ರೇಡಿಯೋ ಹಾಕು."

ರಟ್ಟಿನ ಪೆಟ್ಟಿಗೆ ನೆಲದ ಮೇಲೆ ಜರುಗಿದ ಸದ್ದು ಬಂತು. ಮೊದಲ ಸಲ ಆ ವ್ಯಾನು ಅಲುಗಾಡಿತ್ತು.

"ಇಲ್ಲಿ ಹಲ್ಲು ಕೀಳಲಾಗುವುದು," ರೇಡಿಯೋ ಓದಿದಳು. ದನಿ ಇನ್ನೂ ತಡವರಿಸುತ್ತಿತ್ತು. "ಸಿಮೆಂಟು, ಕಬ್ಬಿಣ, ಸಗಟು ಮತ್ತು ಚಿಲ್ಲರೆ. ಇಲ್ಲಿ ಭಿತ್ತಿಪತ್ರ ಅಂಟಿಸಬಾರದು."

"ಅಂಟಿಸಿದವರಿಗೆ ದಂಡ," ಇನ್ನೊಂದು ಮಗು ಸೇರಿಕೊಂಡಿತು. ಎಲ್ಲರೂ ಅದೇ ದಾರಿಯಲ್ಲಿ ಹೋದವರು, ಎಲ್ಲರಿಗೂ ಬಾಯಿಪಾಠ. "ಹತ್ತು ನಿಮಿಷದಲ್ಲಿ ಫೋಟೋ!" "ಗಡಿಯಾರ ರಿಪೇರಿ!" "ಮುರಿದ ಛತ್ರಿ ರಿಪೇರಿ!" ಪೆಟ್ಟಿಗೆ ಗರಗರ ಸರಿಯುತ್ತಿತ್ತು. ಬೆಂಚಿನಲ್ಲಿ ಕೂತ ತಾಯಂದಿರ ಕಣ್ಣ ಮುಂದೆಯೂ ಆ ಬೋರ್ಡುಗಳು ಒಂದೊಂದೇ ಹಾದುಹೋಗುತ್ತಿದ್ದವು. ಮುಂದೆ ಯಾವುದು ಬರುತ್ತದೆಂದು ಅವರಿಗೆಲ್ಲ ಗೊತ್ತಿತ್ತು.

"ಮುಂದೆ ಸೇತುವೆ," ರೇಡಿಯೋ ಓದಿದಳು. "ನಿಧಾನವಾಗಿ ಚಲಿಸಿ."

ಪೆಟ್ಟಿಗೆ ನಿಂತಿತು.

ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ಹಾರನ್ ಮಾಡಿಕೊಂಡು ಹೋಯಿತು. ಕಾಜಕ್ಕ ಎದ್ದು ಬಾಗಿಲ ತನಕ ಹೋದಳು. ತಳ್ಳಲು ಕೈ ಎತ್ತಿ, ಹಾಗೇ ಇಳಿಸಿದಳು. ಓದೇ, ಎಂದು ಒಳಗೊಳಗೇ ಬೇಡಿಕೊಂಡಳು. ಓದು ತಾಯಿ.

"ಹಳೇ ಟೈರ್ ಕೊಳ್ಳಲಾಗುವುದು."

ಓದಿದ್ದು ಕನ್ನಡಕ. ಸೇತುವೆಯ ಆಚೆ ದಡದ ಬೋರ್ಡು ಅದು. ಆ ದಿನ ಯಾರೂ ತಲುಪದಿದ್ದ ಬೋರ್ಡು.

"ಹಳೇ ಟೈರ್ ಕೊಳ್ಳಲಾಗುವುದು!" ಎಂದು ಎಲ್ಲರೂ ಕೂಗಿದರು. ಪೆಟ್ಟಿಗೆ ಮತ್ತೆ ಸರಿಯಿತು. "ಕುರ್ಚಿ ಬಾಡಿಗೆಗೆ ದೊರೆಯುತ್ತವೆ! ಶಾಲಾ ವಲಯ, ಹಾರನ್ ಮಾಡಬೇಡಿ!"

"ಸ್ಕೂಲ್ ಬಂತು," ಪ್ರಶ್ನೆಪತ್ರಿಕೆ ಸಾರಿದ. "ಎಲ್ರೂ ಇಳೀರಿ. ಅಜ್ಜಿ ಇಳೀರಿ. ಪೊಲೀಸ್ ಇಳೀರಿ. ಮೊಸಳೆ, ನೀನೂ ಇಳಿ."

"ನಮ್ಮಕ್ಕ ಇಳಿದಿಲ್ಲ," ಎಂದ ಕನ್ನಡಕ.

"ಅವಳಿಗೆ ಇಳಿಯೋಕಾಗಲ್ಲ ಕಣೋ," ಎಂದಳು ರೇಡಿಯೋ. ಅದು ನಾಯಿಯ ದನಿಯಾಗಿರಲಿಲ್ಲ. "ನಮ್ಮಪ್ಪನಿಗೂ ಆಗಲ್ಲ."

ಒಳಗೆ ಒಬ್ಬ ಹುಡುಗ ಅಳಲು ಶುರುಮಾಡಿದ. ಇಷ್ಟು ದಿನ ಅಳದವನ ಅಳು. ಬಿಕ್ಕಿ, ಕೆಮ್ಮಿ, ಮತ್ತೆ ಬಿಕ್ಕುತ್ತಿತ್ತು. ಅದರ ಜೊತೆಗೆ ರೇಡಿಯೋಳ ಅಳುವೂ ಸೇರಿಕೊಂಡಿತು. ಕನ್ನಡಕನ ತಾಯಿ ಗೋಡೆಯನ್ನು ತಡವಿ ತಡವಿ ಹಿಂದಕ್ಕೆ ಬಂದು ಬೆಂಚಿನ ಮೇಲೆ ಕೂತಳು. ಕಾಜಕ್ಕನೂ ಬಾಗಿಲಿನಿಂದ ತಿರುಗಿ ಬಂದು ಅಲ್ಲೇ ಕೂತಳು. ಸ್ನೇಹಕ್ಕೆ ಅಲ್ಲ, ಮಕ್ಕಳ ದನಿ ಅಲ್ಲಿಗೆ ಕೇಳುತ್ತದೆಂದು. ಈ ಸಲ ಬೆಂಚಿನಿಂದ ಯಾರೂ ಏಳಲಿಲ್ಲ. ಒಬ್ಬರ ಮುಖವನ್ನು ಒಬ್ಬರು ನೋಡಲೂ ಇಲ್ಲ. ಮೇಲಿನ ಕಿಂಡಿಯನ್ನೇ ನೋಡುತ್ತಿದ್ದರು.

ಅಂಗೈಯಲ್ಲಿ ಏನೋ ಒತ್ತುತ್ತಿದೆ ಎನಿಸಿ ಕಾಜಕ್ಕ ಮುಷ್ಟಿ ಬಿಚ್ಚಿದಳು. ಎರಡು ಗುಂಡಿಗಳು ಬೆವರಿಗೆ ಅಂಟಿಕೊಂಡಿದ್ದವು. ಒಂದರ ತೂತಿನಲ್ಲಿ ಕತ್ತರಿಸಿದ ಕಪ್ಪು ದಾರದ ತುಂಡು ಇನ್ನೂ ಉಳಿದಿತ್ತು.